ಮೇಲೆ ನೋಡಿ, ಬಾಯಿ ಮುಚ್ಚಿಕೊಳ್ಳಿ!

ಪ್ರಶ್ನೆ: ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪಕ್ಕೆ ಹೊರಟಿದ್ದೇವೆ. ಅಲ್ಲಿ ನೆಲದಡಿ ಹರಿಯುವ ನದಿ ಇದೆಯಂತೆ. ಜೊತೆಗೆ ಅತ್ತೆಯೂ ಬರುತ್ತಾರೆ, ಅವರಿಗೆ ಬಾವಲಿ ಅಂದರೆ ಭಯ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಆದರೆ ಬಾವಲಿ ಇಲ್ಲ ಅಂತ ಅತ್ತೆಗೆ ಸುಮ್ನೆ ಸುಳ್ಳು ಹೇಳಬೇಡಿ, ನದಿ ಹರಿಯುವ ಗುಹೆಯ ಚಾವಣಿಯಲ್ಲಿ ಗುಂಪುಗುಂಪಾಗಿ ನೇತಾಡುತ್ತಿರುತ್ತವೆ! ಪಲವಾನ್‌ನ ಮುಖ್ಯ ನಗರ ಪುಯೆರ್ಟೊ ಪ್ರಿನ್ಸೆಸಾದಿಂದ ಸಬಾಂಗ್ ಎಂಬ ಕಡಲತೀರದ ಊರಿಗೆ ಸುಮಾರು 80 ಕಿ.ಮೀ., ಅಲ್ಲಿಂದ ಸಮುದ್ರದಲ್ಲಿ ಮೋಟಾರು ದೋಣಿ, ಇಳಿದ ಮೇಲೆ ಕಾಡಿನ ಕಾಲುದಾರಿ. ಅಲ್ಲಿ ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಅಲ್ಲಿನ ಮಂಗಗಳು ನಮ್ಮ ಚಾಮುಂಡಿ ಬೆಟ್ಟದ ಮಂಗಗಳ ನೆಂಟರೇ. ದೊಡ್ಡ ದೊಡ್ಡ ಉಡಗಳೂ ಓಡಾಡುತ್ತವೆ.

ನದಿ 8.2 ಕಿ.ಮೀ. ಉದ್ದ. ಗುಹೆಯಿಂದ ನೇರ ಸಮುದ್ರಕ್ಕೇ ಸೇರುವುದರಿಂದ ಉಬ್ಬರವಿಳಿತ ಒಳಗೂ ನುಗ್ಗುತ್ತದೆ, ಅದೇ ಇದರ ವಿಶೇಷ. ಪ್ರವಾಸಿಗರನ್ನು ಒಂದೂವರೆ ಕಿ.ಮೀ. ಮಾತ್ರ ಒಯ್ಯುತ್ತಾರೆ. ಹುಟ್ಟು ಹಾಕುವ ದೋಣಿ, ತಲೆಗೆ ಹೆಲ್ಮೆಟ್, ಅಂಬಿಗನ ಟಾರ್ಚ್ ಬಿಟ್ಟರೆ ಗವ್ವೆನ್ನುವ ಕತ್ತಲು. ಮೇಲೆ ನೋಡುವಾಗ ಬಾಯಿ ಮುಚ್ಚಿಕೊಂಡಿರಿ, ಟಪ್ ಅಂತ ಬೀಳುವುದೆಲ್ಲ ನೀರೇ ಆಗಿರಬೇಕಿಲ್ಲ ಅಲ್ವಾ?

ಪರ್ಮಿಟ್ ಮೊದಲೇ ಮಾಡಿಸಿ. ಸಮುದ್ರ ಜೋರಾದರೆ ದೋಣಿ ಬಿಡುವುದಿಲ್ಲ, ಹಾಗಾಗಿ ಒಂದು ದಿನ ಜಾಸ್ತಿಯೇ ಇಟ್ಟುಕೊಳ್ಳಿ.