ಲಾರಿ ಇಸಿಎಂ ಹೋಗಿದೆ ಅಂತಿದ್ದಾರೆ, 35 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಹಾಕಿಸಲಾ?

ಸದ್ಯಕ್ಕೆ ಆ ದುಡ್ಡು ಕೊಡಬೇಡಿ ಅಣ್ಣಾ. (ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ನಾವು ಬಾಕ್ಸ್ ಅನ್ನುವುದು.) ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಸಿಂಧನೂರಿನಿಂದ ಭತ್ತ ಹೊಡೆಯುವ 2018ರ ಬಿಎಸ್ 4 ಲಾರಿ, ಲೋಡಿನಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದ ಮೇಲೆ ಚೆಕ್ ಲೈಟ್ ಹತ್ತುತ್ತದೆ, ಪಿಕಪ್ ಬಿದ್ದುಹೋಗುತ್ತದೆ, ಒಮ್ಮೊಮ್ಮೆ ಇಂಜಿನ್ನೇ ಆಫ್. ಹತ್ತು ನಿಮಿಷ ಬಿಟ್ಟು ಕೀ ತಿರುವಿದರೆ ಮತ್ತೆ ಸ್ಟಾರ್ಟ್. ಸ್ಕ್ಯಾನರ್ ಹಾಕಿದಾಗ ರೈಲ್ ಪ್ರೆಷರ್ (ಡೀಸೆಲ್ ಒತ್ತಡ), ಬೂಸ್ಟ್ (ಟರ್ಬೊ ಗಾಳಿಯ ಒತ್ತಡ), ಆಯಿಲ್ ಪ್ರೆಷರ್, ಆಕ್ಸಿಲರೇಟರ್ ಪೆಡಲ್ ಎಲ್ಲದರ ತಪ್ಪಿನ ಕೋಡೂ ಒಟ್ಟಿಗೆ ಬಂತು, ಅದಕ್ಕೆ ಮೆಕ್ಯಾನಿಕ್ ಬಾಕ್ಸ್ ಹೋಗಿದೆ ಅಂದರು.

ನನಗೆ ಆ "ಒಟ್ಟಿಗೆ" ಅನ್ನುವ ಮಾತೇ ಮುಖ್ಯ. ನಾಲ್ಕು ಸೆನ್ಸರ್ ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ಅವಕ್ಕೆಲ್ಲ ಸೇರಿ ಇರುವುದು ಏನೋ ಕೆಟ್ಟಿರಬೇಕು. ಅದು ಇಸಿಎಂ ಒಳಗೇ ಇರಬಹುದು, ಆದರೆ ಅದಕ್ಕಿಂತ ಮೊದಲು ಅನುಮಾನಪಡಬೇಕಾದವು ಎರಡಿವೆ: ಬಾಕ್ಸ್‌ಗೆ ಬರುವ ಅರ್ಥ್, ಮತ್ತು ಬಾಕ್ಸ್ ಸೆನ್ಸರ್‌ಗಳಿಗೆ ಕಳಿಸುವ 5 ವೋಲ್ಟ್.

ನಾನು ಬಳ್ಳಾರಿಯಲ್ಲಿ ಲಾರಿ ವೈರಿಂಗ್ ಮಾಡುವವನು. ಸಂಡೂರು, ತೋರಣಗಲ್ಲು ಕಡೆ ಅದಿರು ಹೊಡೆಯುವ ಟಿಪ್ಪರ್‌ಗಳೇ ನನ್ನ ಹತ್ತಿರ ಹೆಚ್ಚು ಬರುತ್ತವೆ. ಹೋದ ಮಳೆಗಾಲದಲ್ಲಿ ನಿಮ್ಮದೇ ಕಂಪ್ಲೇಂಟಿನ ಗಾಡಿ ಒಂದು ಬಂತು. ಮಾಲೀಕರು ಆಗಲೇ ಬೇರೆ ಕಡೆ ಹಳೇ ಬಾಕ್ಸ್ ಕೊಂಡು ಹಾಕಿಸಿದ್ದರು, ಎರಡು ದಿನ ಓಡಿ ಮತ್ತೆ ಅದೇ ಕಥೆ. ಮೀಟರ್ ಇಟ್ಟರೆ ಬಾಕ್ಸ್‌ನ ಕಪ್ಲರಿನಲ್ಲಿ (ವೈರ್ ಸಿಕ್ಕಿಸುವ ಪ್ಲಗ್) 24 ವೋಲ್ಟ್ ಸರಿಯಾಗೇ ಇತ್ತು. ಅಲ್ಲೇ ಮೋಸ ಹೋಗುವುದು. ಮೀಟರ್ ಕರೆಂಟ್ ಎಳೆಯುವುದಿಲ್ಲ, ವೈರಿನ ಹತ್ತು ಎಳೆಯಲ್ಲಿ ಒಂಬತ್ತು ಕಡಿದು ಒಂದು ಉಳಿದಿದ್ದರೂ ಅದು 24 ಅಂತಲೇ ತೋರಿಸುತ್ತದೆ. ಆಮೇಲೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ ಅದೇ ಪಿನ್‌ಗಳಿಗೆ ಕೊಟ್ಟೆ. ಬಲ್ಬು ಬೀಡಿ ಕೆಂಡದಷ್ಟು ಕೆಂಪಗೆ ಆಗಿ ಅಷ್ಟಕ್ಕೇ ನಿಂತಿತು. ಅರ್ಥ್ ವೈರ್ ಹಿಡಿದುಕೊಂಡು ಹೋದರೆ ಚಾಸಿಗೆ ಬೋಲ್ಟ್ ಮಾಡಿದ ಜಾಗದಲ್ಲಿ ಲಗ್ (ವೈರ್ ತುದಿಯ ಲೋಹದ ಬಳೆ) ಮೇಲೆ ಕೆಂಪು ಧೂಳು ಕೆಸರಾಗಿ ಅಂಟಿತ್ತು. ಪ್ಲಾಸ್ಟಿಕ್ ಕವಚವನ್ನು ಬ್ಲೇಡಿನಿಂದ ಸೀಳಿದೆ. ಒಂದು ಗೇಣು ಉದ್ದಕ್ಕೂ ತಾಮ್ರ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಹಿಸುಕಿದರೆ ಪುಡಿ ಆಗುತ್ತಿತ್ತು. ಹೊಸ ವೈರ್, ಹೊಸ ಲಗ್, ಚಾಸಿ ಪೇಂಟ್ ಕೆರೆದು ಬೋಲ್ಟ್ ಹಾಕಿದೆ, ಮೇಲೆ ಗ್ರೀಸ್ ಬಳಿದೆ. ಗಾಡಿಯ ಮೊದಲಿನ ಬಾಕ್ಸನ್ನೇ ವಾಪಸ್ ಕೂರಿಸಿದೆವು, ಇವತ್ತಿಗೂ ಓಡುತ್ತಿದೆ. ಬಾಕ್ಸಿಗೆ ಕೊಟ್ಟ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಕಂತು ಕಟ್ಟುವ ಮನುಷ್ಯ, ಅವರ ಮುಖ ನೋಡಿ ನನಗೇ ಸಂಕಟ ಆಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಎಲೆಕ್ಟ್ರಿಷಿಯನ್‌ಗೆ ಇದೇ ಬಲ್ಬ್ ಪರೀಕ್ಷೆ ಮಾಡಲು ಹೇಳಿ. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಬೇಕು. ಬಲ್ಬನ್ನು ಬಾಕ್ಸಿನ ಪವರ್ ಮತ್ತು ಅರ್ಥ್ ಪಿನ್‌ಗಳಿಗೆ ಮಾತ್ರ ಕೊಡಬೇಕು, ಸೆನ್ಸರ್ ವೈರಿಗೆ ಯಾವ ಕಾರಣಕ್ಕೂ ಬೇಡ. ಎಷ್ಟೋ ಗಾಡಿಗಳಲ್ಲಿ ಮೇನ್ ರಿಲೇಯನ್ನು (ಬಾಕ್ಸಿಗೆ ಕರೆಂಟ್ ಕೊಡುವ ಸ್ವಿಚ್) ಬಾಕ್ಸೇ ಆನ್ ಮಾಡುತ್ತದೆ. ಕಪ್ಲರ್ ಬಿಚ್ಚಿದಾಗ ಆ ಪಿನ್‌ಗೆ ಕರೆಂಟ್ ಬರದಿದ್ದರೆ ಗಾಬರಿ ಬೇಡ, ರಿಲೇ ಸಾಕೆಟ್‌ನಲ್ಲಿ ಜಂಪರ್ (ತುಂಡು ವೈರ್) ಹಾಕಿ ನೋಡಲಿ. ಮತ್ತೆ, ದಪ್ಪ ಸೂಜಿಯನ್ನು ಪಿನ್ ಒಳಗೆ ತುರುಕಿದರೆ ಪಿನ್ ಅಗಲ ಆಗಿ ನಾಳೆ ಹೊಸ ಕಂಪ್ಲೇಂಟ್ ಶುರು. ಬ್ಯಾಟರಿ ಎರಡನ್ನೂ ಬೇರೆ ಬೇರೆ ನೋಡಿ. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 18 ವೋಲ್ಟಿನ ಕೆಳಗೆ ಇಳಿದರೆ ಮೊದಲು ಅದನ್ನು ಸರಿ ಮಾಡಬೇಕು.

ಬಲ್ಬು ಪೂರ್ತಿ ಬೆಳಗಿ ಪವರ್, ಅರ್ಥ್ ಎರಡೂ ಗಟ್ಟಿ ಇದ್ದರೆ 5 ವೋಲ್ಟಿಗೆ ಬನ್ನಿ. ಆ ಸೆನ್ಸರ್‌ಗಳಿಗೆಲ್ಲ ಬಾಕ್ಸ್ 5 ವೋಲ್ಟ್ ಹಂಚುತ್ತದೆ. ಎಲ್ಲೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ, ಬಿಸಿ ಸೈಲೆನ್ಸರ್ ಪಕ್ಕ ಒಂದು ವೈರ್ ಸುಲಿದು ಬಾಡಿಗೆ ತಾಗಿದರೂ, ಅದೇ ಲೈನಿನ ಉಳಿದವೆಲ್ಲ ಸುಳ್ಳು ಹೇಳಲು ಶುರು ಮಾಡುತ್ತವೆ. ಸ್ಕ್ಯಾನರ್‌ನಲ್ಲಿ ಪಿ0641 ಅಥವಾ ಎಸ್‌ಪಿಎನ್ 620 ಇದೆಯಾ ನೋಡಿ, ಅದು ಈ 5 ವೋಲ್ಟಿನ ಕೋಡ್. ನಿಮ್ಮದು ಬಿಸಿ ಆದ ಮೇಲೆ ಬರುವ ತೊಂದರೆ, ಹಾಗಾಗಿ ತಣ್ಣಗಿರುವಾಗ ಅಳೆದು ಸರಿ ಇದೆ ಅಂದರೆ ನಾನು ಒಪ್ಪುವುದಿಲ್ಲ. ಲೋಡಿನಲ್ಲಿ ಓಡಿಸಿ, ಲೈಟ್ ಹತ್ತಿದ ಜಾಗದಲ್ಲೇ ನಿಲ್ಲಿಸಿ ಕೀ ಆನ್ ಇಟ್ಟು ಅಳೆಯಬೇಕು. 5 ಇರಬೇಕಾದಲ್ಲಿ 2, 3 ತೋರಿಸಿದರೆ ಆ ಲೈನಿನ ಸೆನ್ಸರ್ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವಾಪಸ್ ಬರುತ್ತದೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬರದಿದ್ದರೆ ಬಾಕ್ಸಿನ ಪಿನ್ನಿನಿಂದಲೇ ಆ ವೈರನ್ನು ಬೇರೆ ಮಾಡಿ ನೋಡಬೇಕು. ಆಗಲೂ ಬಾಕ್ಸ್ 5 ಕೊಡದಿದ್ದರೆ ಅದು ಬಾಕ್ಸಿನದೇ ತಪ್ಪು.

ಸ್ಕ್ಯಾನರ್ ಇಂಜಿನ್ ಜೊತೆ ಮಾತೇ ಆಡದಿದ್ದರೆ ಕ್ಯಾನ್ ವೈರ್, ಅಂದರೆ ಬಾಕ್ಸ್ ಮಾತಾಡುವ ಜೋಡಿ ವೈರ್ ನೋಡಿ. ಬ್ಯಾಟರಿ ಬಿಚ್ಚಿ ಆ ಎರಡು ವೈರ್ ನಡುವೆ ಓಮ್ಸ್ ಅಳೆದರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಎರಡೂ ತಾಗಿವೆ.

ನಿಜವಾಗಿ ಬಾಕ್ಸ್ ಹೋಗುವುದೂ ಉಂಟು. ನಾನು ನೋಡಿದವುಗಳಲ್ಲಿ ಹೆಚ್ಚಿನವು ವೆಲ್ಡಿಂಗ್‌ನಿಂದ ಸತ್ತವು. ಬಾಡಿ ಬಿರುಕು ಬಿಟ್ಟಿದೆ ಅಂತ ಬ್ಯಾಟರಿ ಬಿಚ್ಚದೆ, ಬಾಕ್ಸ್ ಕಪ್ಲರ್ ತೆಗೆಯದೆ ಆರ್ಕ್ ಹೊಡೆಸುತ್ತಾರೆ, ಆ ಕರೆಂಟ್ ಚಾಸಿಯಲ್ಲಿ ಓಡುವಾಗ ಬಾಕ್ಸನ್ನೂ ಹಾದು ಹೋಗುತ್ತದೆ. ಈಚೆಗೆ ನೀವು ಬಾಡಿ ವೆಲ್ಡಿಂಗ್ ಮಾಡಿಸಿದ್ದೀರಾ? ಹಾಗಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿ ಇರಬಹುದು. ಪಿ0606 ಅಥವಾ ಎಸ್‌ಪಿಎನ್ 629 ಜೊತೆ ಎಫ್‌ಎಂಐ (ತಪ್ಪಿನ ಬಗೆಯ ನಂಬರ್) 12 ಬಂದರೆ ಬಾಕ್ಸ್ ತನ್ನ ಒಳಗೇ ತೊಂದರೆ ಇದೆ ಅಂತ ಹೇಳುತ್ತಿದೆ. ಆದರೂ ಬಲ್ಬ್ ಪರೀಕ್ಷೆ ಆಗದೆ ನಾನು ಬಾಕ್ಸ್ ಬದಲಿಸುವುದಿಲ್ಲ.

ಬದಲಿಸಲೇಬೇಕಾದರೆ, ಕೊಳ್ಳುವ ಸೆಕೆಂಡ್ ಹ್ಯಾಂಡ್ ಬಾಕ್ಸ್ ನೋಡಲು ಒಂದೇ ಥರ ಇದ್ದರೆ ಸಾಲದು. ಲೇಬಲ್ ಮೇಲಿನ ಪಾರ್ಟ್ ನಂಬರ್ ಜೊತೆ ಒಳಗಿನ ಸಾಫ್ಟ್‌ವೇರ್ ನಿಮ್ಮ ಇಂಜಿನ್‌ದೇ ಇರಬೇಕು. ಚಾಸಿ ನಂಬರ್, ಇಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಇದ್ದರೆ ಅದರ ಕೀ, ಸ್ಪೀಡ್ ಲಿಮಿಟ್ ಇವೆಲ್ಲ ಹೊಸದಾಗಿ ಬರೆಸಬೇಕು. ಎಲ್ಲರೂ ಮರೆಯುವುದು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಕೋಡ್. ಪ್ರತಿ ಇಂಜೆಕ್ಟರ್ ತಲೆ ಮೇಲೆ ಅದರದೇ ಅಕ್ಷರ, ಅಂಕಿ ಇರುತ್ತದೆ, ಯಾವ ಸಿಲಿಂಡರಿಗೆ ಯಾವುದು ಅಂತ ಬಾಕ್ಸಿಗೆ ಹೇಳಬೇಕು. ಹೇಳದಿದ್ದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಹೊಗೆ, ಬಡಿತ, ಡೀಸೆಲ್ ಖರ್ಚು. ಈಗಿನ ಬಾಕ್ಸ್ ಇನ್ನೂ ಮಾತಾಡುತ್ತಿರುವಾಗಲೇ ಆ ಕೋಡ್‌ಗಳನ್ನು ಸ್ಕ್ಯಾನರ್‌ನಿಂದ ತೆಗೆದು ಬರೆದಿಟ್ಟುಕೊಳ್ಳಿ. ಅದು ಪೂರ್ತಿ ಸತ್ತ ಮೇಲೆ ಟಾಪ್ ಕವರ್ ಬಿಚ್ಚಿ ಟಾರ್ಚ್ ಹಾಕಿ ಓದಬೇಕಾಗುತ್ತದೆ.

ಮಾರುವವರು ನಿಮ್ಮ ಗಾಡಿಯಿಂದ ಬಿಚ್ಚಿದ ಬಾಕ್ಸ್ ಎಕ್ಸ್‌ಚೇಂಜಿಗೆ ಕೇಳಿದರೆ ಕೂಡಲೇ ಕೊಡಬೇಡಿ. ಸಿಂಧನೂರಿನಿಂದ ರಾಯಚೂರಿಗೆ ಪೂರ್ತಿ ಲೋಡಿನಲ್ಲಿ ನಾಲ್ಕು ಟ್ರಿಪ್ ಆಗಲಿ. ಬಲ್ಬ್ ಹೇಗೆ ಉರಿಯಿತು, 5 ವೋಲ್ಟ್ ಎಷ್ಟು ಬಂತು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.