ಇಬ್ಬರೂ ಪಾಸು, ಉತ್ತರ ಮಾತ್ರ ಎರಡು

ತಿಪಟೂರಿನ ಓದುಗರೊಬ್ಬರ ಪತ್ರ: “ನನ್ನ ತಾಯಿಯ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) ಒಂದು ಲ್ಯಾಬ್‌ನಲ್ಲಿ 6.3 ಬಂತು. ಅದೇ ವಾರ ಇನ್ನೊಂದು ಲ್ಯಾಬ್‌ನಲ್ಲಿ 6.8. ಮೊದಲ ರಿಪೋರ್ಟ್ ನೋಡಿದವರು ಇನ್ನೂ ಶುಗರ್ ಬಂದಿಲ್ಲ ಎಂದರು, ಎರಡನೆಯದನ್ನು ನೋಡಿದವರು ಮಾತ್ರೆ ಶುರುಮಾಡಿ ಎಂದರು. ಎರಡೂ ಲ್ಯಾಬ್‌ಗಳ ಗೋಡೆಯ ಮೇಲೆ ಬಾಹ್ಯ ಗುಣಮಟ್ಟ ಪರೀಕ್ಷೆಯ ಸರ್ಟಿಫಿಕೇಟ್ ತೂಗುಹಾಕಿದೆ. ಇಬ್ಬರೂ ಪಾಸಾಗಿದ್ದರೆ ಉತ್ತರ ಎರಡಾದದ್ದು ಹೇಗೆ? ಆ ಸರ್ಟಿಫಿಕೇಟ್ ಬರೀ ತೋರಿಕೆಯೇ?”

ಸಂಪಾದಕರ ಉತ್ತರ:

ತೋರಿಕೆಯಲ್ಲ. ಆದರೆ ಅದರಿಂದ ನೀವು ನಿರೀಕ್ಷಿಸಿದಷ್ಟನ್ನು ಅದು ಹೇಳುವುದೂ ಇಲ್ಲ. ನಿಮ್ಮ ತಾಯಿಯವರ ಲೆಕ್ಕವನ್ನೇ ನೋಡೋಣ. ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರವರೆಗೆ ಅದರ ಹೊಸ್ತಿಲು. ಇಂಥ ಗುಣಮಟ್ಟ ಪರೀಕ್ಷೆಗೆ ಅಮೆರಿಕ 2025ರಿಂದ ಜಾರಿಗೆ ತಂದಿರುವ ನಿಯಮದಲ್ಲಿ ಎಚ್‌ಬಿಎ1ಸಿಗೆ ಶೇ 8ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಅಂದರೆ ಸ್ಯಾಂಪಲ್‌ನ ನಿಜವಾದ ಮೌಲ್ಯ 6.5 ಆಗಿದ್ದರೆ 6.0 ಎಂದವರೂ ಪಾಸು, 7.0 ಎಂದವರೂ ಪಾಸು. ನಿಮ್ಮ 6.3 ಮತ್ತು 6.8 ಎರಡೂ ಆ ಗೆರೆಯೊಳಗೇ ಇವೆ. ಯಾವ ಲ್ಯಾಬ್ ಕೂಡ ಮೋಸ ಮಾಡಿರಬೇಕಿಲ್ಲ. ಸ್ಪಷ್ಟ ಲಕ್ಷಣಗಳಿಲ್ಲದವರಲ್ಲಿ ಒಂದೇ ರಿಪೋರ್ಟ್ ನೋಡಿ ಮಧುಮೇಹ ಎನ್ನಬಾರದು, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬ ವೈದ್ಯಕೀಯ ನಿಯಮ ಇರುವುದು ಇದಕ್ಕಾಗಿಯೇ. ಗೆರೆಯ ಅಂಚಿನಲ್ಲಿರುವವರ ವಿಷಯದಲ್ಲಿ ಈ ನಿಯಮ ಮರೆತರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಮ್ಮೆ ಶುರುವಾದ ಮಾತ್ರೆಯನ್ನು ಯಾರೂ ಸುಲಭಕ್ಕೆ ನಿಲ್ಲಿಸುವುದಿಲ್ಲ.

ಈಗ ಸರ್ಟಿಫಿಕೇಟ್ ವಿಷಯ. ಲ್ಯಾಬ್‌ನವರು ಪಿಟಿ ಅಥವಾ ಈಕ್ವಾಸ್ ಎನ್ನುವ ಈ ಪದ್ಧತಿಯಲ್ಲಿ ಹೊರಗಿನ ಒಂದು ಸಂಸ್ಥೆ ಒಂದೇ ಸ್ಯಾಂಪಲ್ಲನ್ನು ನೂರಾರು ಲ್ಯಾಬ್‌ಗಳಿಗೆ ಕಳಿಸುತ್ತದೆ. ಸರಿಯುತ್ತರ ಲ್ಯಾಬ್‌ಗೆ ತಿಳಿದಿರುವುದಿಲ್ಲ. ನಮ್ಮಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬಯೋಕೆಮಿಸ್ಟ್ರಿಯಲ್ಲಿ ದಶಕಗಳಿಂದ ಇದನ್ನು ನಡೆಸಿಕೊಂಡು ಬಂದಿದೆ. ರಕ್ತಕಣಗಳ ಎಣಿಕೆಗೆ ದೆಹಲಿಯ ಏಮ್ಸ್‌ನ ಕಾರ್ಯಕ್ರಮವಿದೆ. 1947ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬ ಇಬ್ಬರು ವೈದ್ಯರು ಆಸ್ಪತ್ರೆಗಳ ಲ್ಯಾಬ್‌ಗಳಿಗೆ ಹೀಗೆ ಸ್ಯಾಂಪಲ್ ಕಳಿಸಿದಾಗ ಸರಿಯಾದ ಉತ್ತರಗಳಿಗಿಂತ ತಪ್ಪು ಉತ್ತರಗಳೇ ಹೆಚ್ಚಾಗಿ ಬಂದವು. ಈ ವ್ಯವಸ್ಥೆ ಬೆಳೆದದ್ದು ಆ ಆಘಾತದಿಂದ.

ಬಯೋಕೆಮಿಸ್ಟ್ರಿ ಸ್ಯಾಂಪಲ್ ಸಾಮಾನ್ಯವಾಗಿ ಒಣಪುಡಿಯಾಗಿ ಪುಟ್ಟ ಸೀಸೆಯಲ್ಲಿ ಬರುತ್ತದೆ. ಅದಕ್ಕೆ ಅಳತೆ ಮಾಡಿ, ಹೆಚ್ಚಾಗಿ 5 ಎಂಎಲ್, ಡಿಸ್ಟಿಲ್ಡ್ ವಾಟರ್ ಹಾಕಿ, ನೊರೆ ಏಳದಂತೆ ಮೆಲ್ಲಗೆ ಆಡಿಸಿ, ಪೂರ್ತಿ ಕರಗುವ ತನಕ ಕಾಯಬೇಕು. ನೀರು ಕಾಲು ಎಂಎಲ್ ಹೆಚ್ಚಾಯಿತೆನ್ನಿ: ಗ್ಲೂಕೋಸ್, ಯೂರಿಯಾ, ಕ್ರಿಯಾಟಿನಿನ್, ಪ್ರೋಟೀನ್ ಎಲ್ಲವೂ ಸುಮಾರು ಶೇ 5ರಷ್ಟು ಒಟ್ಟಿಗೇ ಇಳಿಯುತ್ತವೆ. ಅನುಭವಿ ಟೆಕ್ನಿಷಿಯನ್ ಬಂದ ವರದಿ ನೋಡಿದವರೇ, ಎಲ್ಲವೂ ಒಂದೇ ಕಡೆ ವಾಲಿದ್ದರೆ ನೀರು ಅಳೆದ ಪಿಪೆಟ್ ಕಡೆಗೆ ಕೈ ಚಾಚುತ್ತಾರೆ. ಕ್ರಿಯಾಟಿನಿನ್ ಒಂದೇ ತಪ್ಪಿ ಉಳಿದವು ಸರಿಯಿದ್ದರೆ ಆ ಪರೀಕ್ಷೆಯ ರೀಏಜೆಂಟ್ (ರಾಸಾಯನಿಕ), ಮೆಷಿನ್‌ನ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಪರಿಶೀಲಿಸುತ್ತಾರೆ. ಫೇಲಾದ ತಿಂಗಳು ಲ್ಯಾಬ್‌ಗೆ ಹೀಗೆ ಪಾಠ ಹೇಳುತ್ತದೆ, ಕೇಳಿಸಿಕೊಳ್ಳುವವರಿದ್ದರೆ.

ಪಾಸಾದ ತಿಂಗಳುಗಳಲ್ಲೂ ಪಾಠವಿದೆ. ಅದೇ ಸ್ಯಾಂಪಲ್ ಪರೀಕ್ಷಿಸಿದ ಲ್ಯಾಬ್‌ಗಳ ಗುಂಪಿನ ಸರಾಸರಿಯಿಂದ ಲ್ಯಾಬ್ ಎಷ್ಟು ದೂರವಿದೆ ಎಂಬುದನ್ನು ಝಡ್ ಸ್ಕೋರ್ ಹೇಳುತ್ತದೆ. ಸೊನ್ನೆಯಿಂದ ಎರಡೂ ಕಡೆ 2ರವರೆಗೆ ಸಮಾಧಾನಕರ, 3 ಮುಟ್ಟಿದರೆ ಫೇಲು. ಒಂದು ಲ್ಯಾಬ್‌ಗೆ ತಿಂಗಳು ತಿಂಗಳೂ +1.5, +1.7, +1.6 ಬರುತ್ತಿದ್ದರೆ ಕಾಗದದ ಮೇಲೆ ಅದು ಪ್ರತಿ ಸಲವೂ ಪಾಸು. ಆದರೆ ಅಲ್ಲಿಗೆ ಬರುವ ಪ್ರತಿ ರೋಗಿಯ ಫಲಿತಾಂಶವೂ ತುಸು ಮೇಲಕ್ಕೇ ವಾಲಿರುತ್ತದೆ. +1.6 ನೋಡಿ ಎಚ್ಚೆತ್ತು ಮೆಷಿನ್ ಸರಿಪಡಿಸುವ ಲ್ಯಾಬ್ ನನ್ನ ಮಟ್ಟಿಗೆ ಒಳ್ಳೆಯ ಲ್ಯಾಬ್.

ಕಳ್ಳದಾರಿಗಳೂ ಇವೆ. ಪಿಟಿ ಸ್ಯಾಂಪಲ್ ಬಂದ ದಿನ ಮೆಷಿನ್ ವಿಶೇಷವಾಗಿ ತೊಳೆದು, ಅತ್ಯಂತ ಹಿರಿಯರ ಕೈಯಲ್ಲಿ ಮೂರು ಸಲ ಓಡಿಸಿ ಸರಾಸರಿ ತೆಗೆಯುವುದು, ಉತ್ತರ ಕಳಿಸುವ ಮುನ್ನ ಪರಿಚಯದ ಲ್ಯಾಬ್‌ಗೆ ಫೋನ್ ಮಾಡಿ “ನಿಮಗೆಷ್ಟು ಬಂತು?” ಎಂದು ಕೇಳುವುದು. ಇದು ಪರೀಕ್ಷಾ ಹಾಲ್‌ನಲ್ಲಿ ಕಾಪಿ ಹೊಡೆದಂತೆ, ನಷ್ಟ ಮಾತ್ರ ರೋಗಿಗೆ. ಅಮೆರಿಕದ 1988ರ ಲ್ಯಾಬ್ ಕಾನೂನಿನಲ್ಲಿ ಪಿಟಿ ಸ್ಯಾಂಪಲ್ಲನ್ನು ಬೇಕೆಂದೇ ಬೇರೆ ಲ್ಯಾಬ್‌ಗೆ ಕಳಿಸಿ ಉತ್ತರ ತರಿಸಿಕೊಂಡರೆ ಪರವಾನಗಿಯನ್ನೇ ರದ್ದುಮಾಡಬಹುದು. ಕಠೋರ ಎನಿಸಿದರೂ ನ್ಯಾಯವೇ.

ಇದಕ್ಕೆ ಮದ್ದು ನಮ್ಮಲ್ಲಿ ಇಲ್ಲದೆ ಇಲ್ಲ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕ್ಷಯ ಪತ್ತೆಯ ರೆಫರೆನ್ಸ್ ಲ್ಯಾಬ್‌ಗಳಲ್ಲೊಂದು. ಕಫ ಪರೀಕ್ಷೆ ಮಾಡುವ ಸರ್ಕಾರಿ ಕೇಂದ್ರಗಳಿಗೆ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಹೊರಗಿನ ಸ್ಯಾಂಪಲ್ ಮಾತ್ರವಲ್ಲ, ಅವರದೇ ಸ್ಲೈಡ್‌ಗಳ ಮರುಪರೀಕ್ಷೆಯೂ ಇದೆ. ಓದಿ ಮುಗಿಸಿದ ಸ್ಲೈಡ್‌ಗಳನ್ನು ಎಸೆಯುವಂತಿಲ್ಲ. ಮೇಲ್ವಿಚಾರಕರು ಅವುಗಳಿಂದ ಕೆಲವನ್ನು ಲಾಟರಿಯಂತೆ ಆರಿಸುತ್ತಾರೆ. ಮೊದಲ ಫಲಿತಾಂಶ ತಿಳಿಯದ ಇನ್ನೊಬ್ಬರು ಮತ್ತೆ ಓದುತ್ತಾರೆ. ಇಬ್ಬರ ಓದು ಬೇರೆಯಾದರೆ ತೀರ್ಮಾನ ಮೂರನೆಯವರದು. ‘ನೆಗೆಟಿವ್’ ಬರೆಯುವ ಮುನ್ನ ಸೂಕ್ಷ್ಮದರ್ಶಕದಲ್ಲಿ 100 ಫೀಲ್ಡ್ (ಒಮ್ಮೆಗೆ ಕಾಣುವಷ್ಟು ಜಾಗ) ನೋಡಲೇಬೇಕು. ಇಪ್ಪತ್ತು ನೋಡಿ ಬರೆದುಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಯಾವ ಸ್ಲೈಡ್ ಆಯ್ಕೆಯಾಗುತ್ತದೋ ಯಾರಿಗೂ ಗೊತ್ತಿಲ್ಲದ ಕಾರಣ ಪ್ರತಿದಿನದ ಕೆಲಸವೇ ಪರೀಕ್ಷೆಗೊಳಗಾಗುತ್ತದೆ. ಖಾಸಗಿ ಲ್ಯಾಬ್‌ಗಳೂ ಇದನ್ನು ತಮ್ಮ ರೀತಿಯಲ್ಲಿ ಅಳವಡಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಪಿಟಿ ಹಿಡಿಯಲಾಗದ ತಪ್ಪೂ ಇದೆ ಎಂಬುದು ನೆನಪಿರಲಿ. ಸಕ್ಕರೆ ಇಳಿಯದಂತೆ ಟ್ಯೂಬ್‌ಗೆ ಹಾಕುವ ಫ್ಲೋರೈಡ್ ಇಲ್ಲದೆ ರಕ್ತ ಹಾಗೇ ಉಳಿದರೆ ಗ್ಲೂಕೋಸ್ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಕಲೆಕ್ಷನ್ ಸೆಂಟರ್‌ನಿಂದ ಬೈಕ್‌ನಲ್ಲಿ ಬಿಸಿಲಲ್ಲಿ ಬಂದ ಸ್ಯಾಂಪಲ್‌ನ ಕಥೆಯನ್ನು ವೆಲ್ಲೂರಿನ ಸೀಸೆ ಹೇಳಲಾರದು.

ಇನ್ನು ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮುದ್ರೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಬೇರೆ, ಈ ಮಾನ್ಯತೆ ಬೇರೆ. ನೋಂದಣಿ ಕಡ್ಡಾಯ, ಮಾನ್ಯತೆ ಲ್ಯಾಬ್ ಸ್ವಇಚ್ಛೆಯಿಂದ ಪಡೆಯುವಂಥದ್ದು. ವೈದ್ಯಕೀಯ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15189 ಪ್ರಕಾರ ಮಾನ್ಯತೆ ಪಡೆದವರು ಪಿಟಿಯಲ್ಲಿ ಭಾಗವಹಿಸಬೇಕು. ಆದರೆ ಮಾನ್ಯತೆ ಸಿಗುವುದು ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ ಮಾತ್ರ. ನಿಮ್ಮ ಲ್ಯಾಬ್‌ನ ಪಟ್ಟಿಯಲ್ಲಿ ಎಚ್‌ಬಿಎ1ಸಿ ಇದೆಯೇ ಎಂದು ಎನ್‌ಎಬಿಎಲ್ ಜಾಲತಾಣದಲ್ಲಿ ನೋಡಬಹುದು.

ನಿಮ್ಮ ತಾಯಿಯವರಿಗೆ ಈಗ ಬೇಕಿರುವುದು ಖಾಲಿಹೊಟ್ಟೆಯ ಗ್ಲೂಕೋಸ್ ಮತ್ತು ಹಿಮೋಗ್ಲೋಬಿನ್. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ವೈದ್ಯರಿಗೆ ಎರಡೂ ರಿಪೋರ್ಟ್ ಕೊಟ್ಟು ಇದನ್ನು ಕೇಳಿ. ಲ್ಯಾಬ್‌ಗೆ ಹೋದಾಗ ಎಚ್‌ಬಿಎ1ಸಿಯ ಕಳೆದ ಆರು ತಿಂಗಳ ಪಿಟಿ ವರದಿ ತೋರಿಸಿ ಎನ್ನಿ. ತಪ್ಪಿದ ತಿಂಗಳಿದ್ದರೆ ಆಮೇಲೆ ಏನು ಮಾಡಿದಿರಿ ಎಂದೂ ಕೇಳಿ. ಸಿಡುಕದೆ ಫೈಲ್ ತೆರೆಯುವ ಲ್ಯಾಬ್ ಯಾವುದೋ ಅಲ್ಲೇ ಮೂರು ತಿಂಗಳ ನಂತರದ ಪರೀಕ್ಷೆಯನ್ನೂ ಮಾಡಿಸಿ. ಒಂದೇ ಮೆಷಿನ್‌ನ ಎರಡು ಫಲಿತಾಂಶಗಳನ್ನು ಹೋಲಿಸಿದರೆ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ವೈದ್ಯರಿಗೆ ತಿಳಿಯುತ್ತದೆ.