ಅತಿಥಿ ಬಿಟ್ಟುಹೋದ ಕಸ ಯಾರ ಲೆಕ್ಕಕ್ಕೆ?

ಓದುಗರ ಪತ್ರ: ಮಡಿಕೇರಿಯಂಥ ಊರುಗಳಲ್ಲಿ ಹೋಟೆಲ್ ಕೋಣೆಗೆ ರಾತ್ರಿಗೆ ನೂರು ರೂಪಾಯಿ ಊರ ತೆರಿಗೆ ಹಾಕಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನದು ಇಪ್ಪತ್ತೆರಡು ಕೋಣೆಗಳ ಹೋಟೆಲು. ವಾರಾಂತ್ಯದಲ್ಲಿ ಕೋಣೆಗೆ 3,000 ರೂಪಾಯಿ ಬಾಡಿಗೆ. 2018ರ ಮಳೆ, ಅದರ ಬೆನ್ನಿಗೆ ಕೋವಿಡ್, ಎರಡರ ಸಾಲವೂ ತೀರಿಲ್ಲ. ಜಿಎಸ್‌ಟಿ ಕಟ್ಟುತ್ತಲೇ ಇದ್ದೇವೆ. ಇನ್ನೂ ಹೇರಿದರೆ ಜನ ಚಿಕ್ಕಮಗಳೂರಿಗೋ ವಯನಾಡಿಗೋ ಹೋಗುತ್ತಾರೆ. ಅತಿಥಿಯನ್ನು ದೇವರೆಂದ ನಾಡಿನಲ್ಲಿ ಬಂದವರ ಜೇಬಿಗೆ ಕೈ ಹಾಕುವುದು ಸರಿಯೇ?
— ಹೋಟೆಲ್ ಮಾಲೀಕರು, ಮಡಿಕೇರಿ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2018ರ ಆಗಸ್ಟ್ ತಿಂಗಳನ್ನು ಕಂಡವರ ಕಷ್ಟದ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಜಿಎಸ್‌ಟಿ ವಿಚಾರದಲ್ಲೂ ನಿಮ್ಮ ಮಾತಿನಲ್ಲಿ ಸತ್ಯವಿದೆ. 7,500 ರೂಪಾಯಿವರೆಗಿನ ಕೋಣೆಗಳ ತೆರಿಗೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಇಳಿಸಿದಾಗ ಹೂಡುವಳಿ ತೆರಿಗೆ ಜಮೆಯನ್ನೂ, ಅಂದರೆ ಹೋಟೆಲಿಗೆಂದು ಕೊಂಡ ಸರಕು, ಸೇವೆಗಳ ಮೇಲೆ ನೀವು ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶವನ್ನೂ, ಕಿತ್ತುಕೊಂಡರು. ಆ ನಷ್ಟ ನಿಮ್ಮಂಥ ಸಣ್ಣ ಹೋಟೆಲಿಗೆ ತಟ್ಟಿದೆ, ಒಪ್ಪುತ್ತೇನೆ.

ಆದರೆ ಅದೇ ಲೆಕ್ಕವನ್ನು ಅತಿಥಿಯ ಕಡೆಯಿಂದಲೂ ಮಾಡಿ ನೋಡಿ. ನಿಮ್ಮ 3,000 ರೂಪಾಯಿಯ ಕೋಣೆಗೆ ಮೊದಲು ಶೇ 12ರಂತೆ 360 ರೂಪಾಯಿ ತೆರಿಗೆ ಬೀಳುತ್ತಿತ್ತು. ಈಗ ಶೇ 5ರಂತೆ 150. ಅಂದರೆ ಒಂದು ರಾತ್ರಿಗೆ 210 ರೂಪಾಯಿ ಇಳಿಯಿತು. 360 ಕಟ್ಟಿಕೊಂಡೇ ಮಡಿಕೇರಿಗೆ ಬರುತ್ತಿದ್ದ ಜನ 250 ಕೊಡಬೇಕಾದರೆ ವಯನಾಡಿನ ದಾರಿ ಹಿಡಿಯುತ್ತಾರೆಯೇ? ಪೆಟ್ರೋಲಿಗೆ, ಟೋಲಿಗೆ, ದಾರಿಯ ತಿಂಡಿಗೆ ಅವರು ಸುರಿಯುವ ಹಣದ ಮುಂದೆ ಆ ನೂರು ರೂಪಾಯಿ ಯಾವ ಮೂಲೆಗೆ? ನೀವು ವ್ಯಾಪಾರ ಬಲ್ಲವರು, ಇದು ನಿಮಗೆ ಗೊತ್ತಿಲ್ಲದ್ದಲ್ಲ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ಕೊನೆಯಲ್ಲಿ, ನಿಮ್ಮ ಊರಿನಲ್ಲಿ ಗೆಳೆಯರ ಮನೆಯಲ್ಲಿ ಉಳಿದಿದ್ದೆ. ಸೋಮವಾರ ಬೆಳಿಗ್ಗೆ ಆರೂವರೆಗೆ ರಾಜಾಸೀಟಿನ ಕಡೆ ನಡೆದು ಹೋದೆ. ಮಂಜು ಇನ್ನೂ ಕದಲಿರಲಿಲ್ಲ. ರಸ್ತೆಯ ಬದಿಯಲ್ಲಿ ಪೌರಕಾರ್ಮಿಕ ಮಹಿಳೆಯೊಬ್ಬರು ಗೋಣಿಚೀಲ ಹರವಿಕೊಂಡು ಕುಳಿತಿದ್ದರು. ಕೈಗವಸು ಒಂದೇ ಕೈಗೆ ಇತ್ತು. ಹುಟ್ಟುಹಬ್ಬದ ಕೇಕಿನ ಡಬ್ಬ, ನೊರೆ ಚಿಮ್ಮಿಸುವ ಡಬ್ಬಿಗಳು, ಬಿಯರ್ ಬಾಟಲಿ, ಅರ್ಧ ತಿಂದ ಬಿರಿಯಾನಿಯ ಪೊಟ್ಟಣ, ಮಗುವಿನ ಡೈಪರು. ಗಾಜನ್ನು ಒಂದು ಕಡೆ, ಪ್ಲಾಸ್ಟಿಕ್ಕನ್ನು ಇನ್ನೊಂದು ಕಡೆ ಹಾಕುತ್ತ ಹೋಗುತ್ತಿದ್ದರು. ಒಡೆದ ಬಾಟಲಿಯ ಚೂರನ್ನು ಮಾತ್ರ ಕೈಗವಸು ಇದ್ದ ಕೈಗೆ ದಾಟಿಸಿಕೊಂಡು ಎತ್ತುತ್ತಿದ್ದರು. ಮಾತಾಡಿಸಿದೆ. ‘ಶನಿವಾರ, ಭಾನುವಾರದ್ದು ಎತ್ತಿ ಮುಗಿಯೋದು ಬುಧವಾರಕ್ಕೆ ಸ್ವಾಮಿ. ಗುರುವಾರ ಒಂದು ದಿನ ಊರಿನ ಕಸ’ ಎಂದರು.

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅವರ ಸಂಬಳ, ಆ ಕಸವನ್ನು ಊರ ಕಸ ಸುರಿಯುವ ಸ್ಟೋನ್ ಹಿಲ್‌ವರೆಗೆ ಹೊರುವ ಲಾರಿಯ ಡೀಸೆಲ್ಲು ಎಲ್ಲವನ್ನೂ ನಗರಸಭೆ ನೋಡಿಕೊಳ್ಳಬೇಕು. ನಿಮ್ಮ ಅತಿಥಿ ಕಟ್ಟಿದ 150 ರೂಪಾಯಿಯಲ್ಲಿ ಅರ್ಧ ದೆಹಲಿಯ ಪಾಲು, ಅರ್ಧ ಬೆಂಗಳೂರಿನ ಪಾಲು. ಇವನು ಮಡಿಕೇರಿಯಲ್ಲಿ ಉಳಿದ, ಇದು ಮಡಿಕೇರಿಯ ಪಾಲು ಎಂದು ನಗರಸಭೆಯ ಖಾತೆಗೆ ಬೀಳುವ ಕಾಸು ಅದರಲ್ಲಿ ಇಲ್ಲ. ಹಾಗಾದರೆ ಬಂದವರ ಕಸದ ಖರ್ಚನ್ನು ಕಟ್ಟುತ್ತಿರುವವರು ಯಾರು? ಎರಡು ಕೋಣೆಯ ಮನೆಗೆ ಆಸ್ತಿ ತೆರಿಗೆ ತೆರುವ ನಿವೃತ್ತ ಶಿಕ್ಷಕಿ, ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು. ಅತಿಥಿಯ ಜೇಬಿಗೆ ಕೈ ಹಾಕುವುದು ತಪ್ಪೆಂದು ಕೇಳಿದಿರಿ. ಇವರ ಜೇಬಿಗೆ ಪ್ರತಿ ವಾರಾಂತ್ಯ ಕೈ ಬೀಳುತ್ತಿರುವುದು ಸರಿಯೇ ಎಂದು ನಾನು ಕೇಳುತ್ತೇನೆ.

ನೀರಿನ ಮಾತಂತೂ ಹೇಳುವುದೇ ಬೇಡ. ಕಾವೇರಿ ಹುಟ್ಟುವ ಜಿಲ್ಲೆ ಇದು. ಬೆಂಗಳೂರಿನ ನಲ್ಲಿಗಳಲ್ಲಿ ಬರುವುದು ಇಲ್ಲಿಂದ ಇಳಿದ ನೀರು. ಮಡಿಕೇರಿಗೆ ಮಾತ್ರ ಕೂಟುಹೊಳೆಯನ್ನು ನೆಚ್ಚಿಕೊಳ್ಳುವ ಪಾಡು. ಹೊಳೆ ಬತ್ತುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಶಾಲೆಗಳಿಗೆ ರಜೆ, ಆಗಲೇ ನಿಮ್ಮ ಕೋಣೆಗಳೆಲ್ಲ ಭರ್ತಿ. ನಾನು ಹೋಗಿದ್ದ ಆ ಡಿಸೆಂಬರಿನಲ್ಲೇ ನನ್ನ ಗೆಳೆಯರ ಮನೆಯಲ್ಲಿ ಅಡುಗೆಮನೆಯ ಸಾಲುಕೊಡಗಳನ್ನು ಬಿಳಿ ಬಟ್ಟೆಯಿಂದ ಮುಚ್ಚಿಟ್ಟಿದ್ದರು. ಬೀದಿಯಾಚೆಯ ವಸತಿಗೃಹದ ಮುಂದೆ ಟ್ಯಾಂಕರ್ ನಿಂತು ಗಂಟೆಗಟ್ಟಲೆ ನೀರು ತುಂಬುತ್ತಿತ್ತು.

ಹೊರಗಿನ ಊರುಗಳು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿವೆ. ಆಮ್ಸ್ಟರ್‌ಡ್ಯಾಮ್ ನಗರ 2024ರಿಂದ ಕೋಣೆಯ ಬಾಡಿಗೆಯ ಮೇಲೆ ಶೇ 12.5 ವಸೂಲು ಮಾಡುತ್ತಿದೆ. ಅಲ್ಲಿಗೆ ಜನ ಹೋಗುವುದನ್ನು ಬಿಟ್ಟರೇ? ಭೂತಾನ್ ನಮ್ಮವರಿಂದಲೇ ತಲೆಗೆ, ರಾತ್ರಿಗೆ 1,200 ರೂಪಾಯಿ ತೆಗೆದುಕೊಳ್ಳುತ್ತದೆ. ಕೊಟ್ಟು ಬಂದ ನಮ್ಮ ಜನ ‘ಎಷ್ಟು ಚೊಕ್ಕ ದೇಶ’ ಎಂದು ಹೊಗಳುತ್ತಾರೆ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಜಪಾನಿನ ಕ್ಯೋಟೋ. ದೇವಾಲಯಗಳ ಆ ಊರಿನಲ್ಲಿ ಪ್ರವಾಸಿಗರು ಕಿಕ್ಕಿರಿದು ಸ್ಥಳೀಯರಿಗೆ ಸಿಟಿ ಬಸ್ ಹತ್ತುವುದೇ ದುಸ್ತರವಾಯಿತು. 2018ರಲ್ಲಿ ವಸತಿ ತೆರಿಗೆ ತಂದರು, 2026ರ ಮಾರ್ಚ್‌ನಿಂದ ಏರಿಸಿದರು. ಏರಿಸಿದ ರೀತಿ ನೋಡಿ: ಒಂದು ರಾತ್ರಿಗೆ 6,000 ಯೆನ್‌ಗಿಂತ ಕಡಿಮೆ ಕೊಡುವವರಿಗೆ ತಲೆಗೆ 200 ಯೆನ್, ಲಕ್ಷ ಯೆನ್ ಮತ್ತು ಅದಕ್ಕಿಂತ ಹೆಚ್ಚು ಕೊಡುವವರಿಗೆ 10,000 ಯೆನ್. ನಿಮ್ಮ ಪತ್ರ ಬಂದ ಮೇಲೆ ನನಗೂ ಇದೇ ಸರಿ ಎನ್ನಿಸುತ್ತಿದೆ. ನಿಮ್ಮ ಕೋಣೆಗೆ ಐವತ್ತು ಸಾಕು. ಕಾಫಿ ತೋಟದ ನಡುವೆ ಪ್ರತಿ ಕೋಣೆಗೂ ಈಜುಕೊಳ ಕಟ್ಟಿಸಿದ ರೆಸಾರ್ಟಿನ ಅತಿಥಿ ಎರಡು ಸಾವಿರ ಕೊಡಲಿ.

ಅಮೆರಿಕದ ಹವಾಯಿ ರಾಜ್ಯದ ವಿಷಯವನ್ನು ಕೊಡಗಿನವರಾದ ನೀವು ಗಮನಿಸಬೇಕು. 2023ರ ಆಗಸ್ಟ್‌ನಲ್ಲಿ ಮಾವಿ ದ್ವೀಪದ ಲಹೈನಾ ಪಟ್ಟಣ ಕಾಳ್ಗಿಚ್ಚಿಗೆ ಸುಟ್ಟು ಬೂದಿಯಾಯಿತು. ಆಮೇಲೆ ಆ ರಾಜ್ಯ ಹೋಟೆಲ್ ತೆರಿಗೆಯ ದರವನ್ನು ಶೇ 0.75 ಅಂಶದಷ್ಟು ಏರಿಸಿ, ಆ ಹಣ ಪರಿಸರ ರಕ್ಷಣೆಗೆ, ಮುಂದಿನ ವಿಕೋಪ ತಡೆಯುವುದಕ್ಕೆ ಎಂದು 2025ರಲ್ಲಿ ಕಾನೂನು ಮಾಡಿತು. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ ಮೇಲೆ ನಾವು ಏನು ಮಾಡಿದೆವು? ಅಕ್ಕಿ, ಕಂಬಳಿ ಕಳಿಸಿದೆವು, ಅದು ದೊಡ್ಡ ಮಾತೇ. ಆದರೆ ಗುಡ್ಡ ಅಗೆದು ಕಟ್ಟಡ ಎಬ್ಬಿಸುವುದನ್ನು ನೋಡಿಕೊಳ್ಳಬೇಕಾದ ಊರಿನ ಕೈಗೆ ಒಂದು ರೂಪಾಯಿ ಕಾಯಂ ವರಮಾನ ಸೇರಿಸಲಿಲ್ಲ.

ನಿಮ್ಮ ಬಾಯಿಂದ ಬರಬೇಕಾಗಿದ್ದ, ಆದರೆ ಬಾರದ ಒಂದು ದೂರನ್ನು ನಾನೇ ಹೇಳುತ್ತೇನೆ. ಬೆಳಿಗ್ಗೆ ಬಂದು, ಡಿಕ್ಕಿಯಲ್ಲಿ ತಂದ ಬುತ್ತಿ ಉಂಡು, ತಟ್ಟೆ ಎಸೆದು ಸಂಜೆ ಮರಳುವವರಿಂದ ಹೋಟೆಲ್ ತೆರಿಗೆ ಹುಟ್ಟುವುದಿಲ್ಲ. ನೋಂದಣಿಯಿಲ್ಲದ ಹೋಂಸ್ಟೇಗಳೂ ನುಣುಚಿಕೊಳ್ಳುತ್ತವೆ. ವೆನಿಸ್ ನಗರ 2024ರಲ್ಲಿ ಜನಜಂಗುಳಿಯ ದಿನಗಳಲ್ಲಿ ಹಗಲು ಪ್ರವಾಸಿಗರಿಂದಲೇ ಐದು ಯೂರೋ ತೆಗೆದುಕೊಂಡಿತು. ಉಳಿಯುವವರು ಹೇಗೂ ತೆರಿಗೆ ಕಟ್ಟುತ್ತಾರೆಂದು ಅವರನ್ನು ಬಿಟ್ಟಿತು. ಮನಾಲಿಯಲ್ಲಿ ಹೊರರಾಜ್ಯದ ವಾಹನಕ್ಕೆ ಹಸಿರು ತೆರಿಗೆ ಇದೆ. ಇವೆಲ್ಲ ಒಟ್ಟಿಗೆ ಬರಲಿ ಎಂದು ನೀವು ಹಟ ಹಿಡಿದರೆ ನಿಮ್ಮ ಪಕ್ಕದಲ್ಲಿ ನಾನಿರುತ್ತೇನೆ.

ನನ್ನ ನಿಜವಾದ ಸಂಕಟ ಇದಕ್ಕಿಂತ ಹಳೆಯದು. ಕೊಡಗು 1956ರವರೆಗೆ ತನ್ನದೇ ಇಪ್ಪತ್ನಾಲ್ಕು ಶಾಸಕರ ಸಭೆ, ಸಿ.ಎಂ. ಪೂಣಚ್ಚ ಅವರಂಥ ಮುಖ್ಯಮಂತ್ರಿ, ತನ್ನದೇ ಬಜೆಟ್ ಇದ್ದ ರಾಜ್ಯವಾಗಿತ್ತು. ಏಕೀಕರಣ ಆಗಬೇಕಿತ್ತು, ಆಯಿತು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ತನ್ನ ಖಜಾನೆ ತಾನೇ ನೋಡಿಕೊಂಡಿದ್ದ ಊರು ಇಂದು ಒಂದು ಕಸದ ಲಾರಿಗೆ ಬೆಂಗಳೂರಿಗೆ ಅರ್ಜಿ ಹಾಕುತ್ತದೆ. ಊರುಗಳಿಗೆ ಅಧಿಕಾರ ಕೊಡುವುದನ್ನು ದೇಶಕ್ಕೇ ತೋರಿಸಿಕೊಟ್ಟವರು ನಾವು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟದ್ದಕ್ಕೆ ಅವರನ್ನು ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದರು. ಅದೇ ನಾಡಿನಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಳಿದರು. ಕೇಳುವವರು ಯಾರೂ ಇರಲಿಲ್ಲ.

ಹಿಂದೆ ರಾಜ್ಯಕ್ಕೆ 1979ರ ಕಾಯ್ದೆಯಂತೆ ಹೋಟೆಲುಗಳ ಮೇಲೆ ವಿಲಾಸ ತೆರಿಗೆ ಇತ್ತು. 2017ರಲ್ಲಿ ಅದು ಜಿಎಸ್‌ಟಿಯ ಹೊಟ್ಟೆ ಸೇರಿತು. ಮನರಂಜನೆಯ ಮೇಲಿನ ತೆರಿಗೆಯನ್ನು ಪಂಚಾಯಿತಿ, ಪುರಸಭೆಗಳಿಗೆಂದು ಸಂವಿಧಾನ ಉಳಿಸಿದೆ, ಕೋಣೆಯ ಮೇಲಿನದನ್ನು ಉಳಿಸಲಿಲ್ಲ. ಆದ್ದರಿಂದ ಕಸಕ್ಕೆ, ನೀರಿಗೆ ಇಂತಿಷ್ಟು ಎಂಬ ಬಳಕೆ ಶುಲ್ಕದ ರೂಪದಲ್ಲಾದರೂ ಸರ್ಕಾರ ಇದಕ್ಕೆ ದಾರಿ ಮಾಡಿಕೊಡಬೇಕು. ಆ ಹಣ ಊರ ಗಡಿ ದಾಟಬಾರದು. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ನಗರಸಭೆಯ ಬಾಗಿಲಿಗೆ ಅಂಟಿಸಬೇಕು. ಈ ಷರತ್ತಿಲ್ಲದೆ ಯಾರಾದರೂ ತೆರಿಗೆ ತಂದರೆ ನಾನೇ ವಿರೋಧಿಸಿ ಬರೆಯುತ್ತೇನೆ.

ನಿಮ್ಮಿಂದ ಒಂದು ಉಪಕಾರ ಬೇಕು. ಹೋದ ಏಪ್ರಿಲ್‌ನಲ್ಲಿ ನೀವು ಹಣ ಕೊಟ್ಟು ತರಿಸಿದ ನೀರಿನ ಟ್ಯಾಂಕರುಗಳ ಚೀಟಿಗಳನ್ನು ತೆಗೆದು, ಒಟ್ಟು ಎಷ್ಟಾಯಿತೆಂದು ಕೂಡಿಸಿ ಕಳಿಸಿಕೊಡಿ. ಆ ಮೊತ್ತವನ್ನು ನಿಮ್ಮ ಕೋಣೆಗಳಿಗೆ ಹಂಚಿದರೆ ರಾತ್ರಿಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದನ್ನು ನನ್ನ ಮಾತು ಸೇರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ